ಮಳೆ ಎಲ್ಲಿಗೆ ಬಂತು? ರೇಡಾರ್ ನಕ್ಷೆ ಓದುವ ಬಗೆ

ಮೇ ತಿಂಗಳ ಒಂದು ಮಧ್ಯಾಹ್ನ. ಭರಣಿ ಮಳೆಯ ಕಾಲ. ಶ್ರೀನಿವಾಸಪುರದ ತೋಪುಗಳಲ್ಲಿ ಮಾವು ಇನ್ನೂ ಮರದಲ್ಲೇ ಇದೆ. ಮೂಡಣ ದಿಕ್ಕು ಕಪ್ಪಾಗುತ್ತಿದೆ. ತೋಪಿನವರು ಫೋನಿನಲ್ಲಿ ರೇಡಾರ್ ನಕ್ಷೆ ತೆರೆದರೆ ಹಸಿರು, ಹಳದಿ, ಮಧ್ಯೆ ಒಂದು ಕೆಂಪು ಮಚ್ಚೆ. ಎರಡು ಬೆರಳಲ್ಲಿ ಹಿಗ್ಗಿಸಿದರೆ ಊರಿನ ಹೆಸರೂ ಕಾಣುತ್ತದೆ. ಮಳೆ ನಮ್ಮ ತೋಪಿಗೇ ಬರುತ್ತದೋ, ಪಕ್ಕದಲ್ಲೇ ಹಾದುಹೋಗುತ್ತದೋ? ಇದನ್ನು ಹೇಳಬೇಕಾದರೆ ಆ ಕೆಂಪು ಬಣ್ಣ ಎಲ್ಲಿಂದ ಬಂತು ಎಂಬುದು ಮೊದಲು ತಿಳಿದಿರಬೇಕು.

ಅದು ಬಂದದ್ದು ಸುಮಾರು 225 ಕಿ.ಮೀ. ದೂರದ ಚೆನ್ನೈಯಿಂದ ಇರಬಹುದು. ಭಾರತೀಯ ಹವಾಮಾನ ಇಲಾಖೆ 2002ರಲ್ಲಿ ಅಲ್ಲಿ ಡಾಪ್ಲರ್ ರೇಡಾರ್ ಸ್ಥಾಪಿಸಿತು. ದೊಡ್ಡ ಬಿಳಿ ಗೋಳದೊಳಗೆ ತಟ್ಟೆಯಾಕಾರದ ಆಂಟೆನಾ ಸುತ್ತುತ್ತಲೇ ಇರುತ್ತದೆ. ಅದು ಕಳಿಸುವ ರೇಡಿಯೊ ತರಂಗ ಮಳೆಹನಿಗಳಿಗೆ ತಗುಲಿ, ಅದರಲ್ಲೊಂದು ಚೂರು ಮರಳಿ ಬರುತ್ತದೆ. 30 ಕಿ.ಮೀ. ದೂರದ ಮಳೆಯಿಂದ ಮಾರ್ದನಿ ಮರಳಲು ಹಿಡಿಯುವ ಹೊತ್ತು ಸೆಕೆಂಡಿನ ಐದು ಸಾವಿರದಲ್ಲೊಂದು ಭಾಗ. ಬಂದ ಹೊತ್ತಿನಿಂದ ದೂರ, ಬಂದ ಬಲದಿಂದ ಬಣ್ಣ. ಹನಿಗಳು ರೇಡಾರಿನತ್ತ ಬರುತ್ತಿವೆಯೋ, ದೂರ ಸರಿಯುತ್ತಿವೆಯೋ ಎಂಬುದನ್ನು ತರಂಗದ ಕಂಪನದಲ್ಲಾಗುವ ಸಣ್ಣ ಬದಲಾವಣೆ ಹೇಳುತ್ತದೆ. ಇದನ್ನು 1842ರಲ್ಲಿ ವಿವರಿಸಿದ ಕ್ರಿಶ್ಚಿಯನ್ ಡಾಪ್ಲರ್ ಹೆಸರೇ ಯಂತ್ರಕ್ಕೂ ಬಂತು.

ಅಂದರೆ ರೇಡಾರ್ ಮಳೆಯನ್ನು ಅಳೆಯುವುದಿಲ್ಲ. ಹನಿಗಳ ಮಾರ್ದನಿಯನ್ನು ಅಳೆದು, ಮಳೆ ಇಷ್ಟಿರಬಹುದು ಎಂದು ಲೆಕ್ಕ ಹಾಕುತ್ತದೆ. ಈ ಲೆಕ್ಕದಲ್ಲೇ ಒಂದು ತೊಡಕಿದೆ. ಹನಿಯ ವ್ಯಾಸ ಎರಡು ಪಟ್ಟಾದರೆ ಅದರ ನೀರು 8 ಪಟ್ಟಾಗುತ್ತದೆ, ಮಾರ್ದನಿ ಮಾತ್ರ 64 ಪಟ್ಟು. 4 ಮಿ.ಮೀ. ವ್ಯಾಸದ ಒಂದು ಹನಿಯಲ್ಲಿ 1 ಮಿ.ಮೀ.ನ 64 ಹನಿಗಳಷ್ಟು ನೀರಿದೆ; ರೇಡಾರಿಗೆ ಅದು ಕಾಣುವುದು 4,096 ಹನಿಗಳ ಹಾಗೆ! ಹೀಗಾಗಿ ದಪ್ಪ ಹನಿಯ ಮಳೆ ಬೇಗ ಕೆಂಪಾಗುತ್ತದೆ, ಸೋನೆ ಎಷ್ಟು ಸುರಿದರೂ ಹಸಿರಲ್ಲೇ ಉಳಿಯುತ್ತದೆ. ನೀರು ಮೆತ್ತಿದ ಆಲಿಕಲ್ಲಂತೂ ಕಡುಗೆಂಪಾಗಿ ಹೊಳೆಯುತ್ತದೆ. ಮಾವಿನ ಬೆಳೆಗಾರ ಹೆದರಬೇಕಾದದ್ದು ಆ ಬಣ್ಣಕ್ಕೇ.

ಎರಡನೆಯ ತೊಡಕು ಭೂಮಿಯದು. ಭೂಮಿ ದುಂಡಗಿದೆ, ರೇಡಾರ್ ಕಿರಣ ಅಷ್ಟಾಗಿ ಬಾಗುವುದಿಲ್ಲ. ಅರ್ಧ ಡಿಗ್ರಿ ಮೇಲ್ಮುಖವಾಗಿ ಹೊರಟ ಕಿರಣ 100 ಕಿ.ಮೀ. ದೂರದಲ್ಲಿ ಸುಮಾರು ಒಂದೂವರೆ ಕಿ.ಮೀ. ಎತ್ತರದಲ್ಲಿದ್ದರೆ, ಶ್ರೀನಿವಾಸಪುರದ ಹೊತ್ತಿಗೆ ಸಮುದ್ರಮಟ್ಟದಿಂದ 5 ಕಿ.ಮೀ. ಮೇಲಿರುತ್ತದೆ. ಬೇಸಿಗೆಯ ಗುಡುಗು ಮೋಡ ಹತ್ತು ಕಿ.ಮೀ. ದಾಟಿ ಬೆಳೆಯುವುದರಿಂದ ಚೆನ್ನೈಗೆ ಅದರ ಸೊಂಟವಾದರೂ ಕಾಣುತ್ತದೆ.

ಪುನರ್ವಸು ಮಳೆಯಲ್ಲಿ ಆಗುಂಬೆಯ ಕಥೆ ಬೇರೆ. ಅಲ್ಲಿ ಮುಂಗಾರಿನ ಮೋಡ ಘಟ್ಟಕ್ಕೆ ಅಂಟಿಕೊಂಡು, ಅಷ್ಟೇನೂ ಎತ್ತರಕ್ಕೆ ಬೆಳೆಯದೆ ದಿನವಿಡೀ ಸುರಿಯುವುದುಂಟು. ಗೋವಾದ ಪಣಜಿಯ ರೇಡಾರಿನಿಂದ ಆಗುಂಬೆ 250 ಕಿ.ಮೀ.ಗೂ ಆಚೆ. ಅದರ ಕಿರಣ ಈ ಮೋಡಗಳ ನೆತ್ತಿಯ ಮೇಲೇ ಹಾದುಹೋಗಬಹುದು; ನಡುವೆ ಬೆಟ್ಟದ ಸಾಲು ಬೇರೆ. ಹೀಗೆ ನಕ್ಷೆ ಖಾಲಿ, ಅಂಗಳದಲ್ಲಿ ಹೊಳೆ! ಬಯಲುಸೀಮೆಯಲ್ಲಿ ಇದರ ತಿರುವುಮುರುವು: ನಕ್ಷೆ ಹಸಿರಾಗಿರುತ್ತದೆ, ಹನಿಗಳು ಒಣಗಾಳಿಯಲ್ಲಿ ಆವಿಯಾಗಿ ನೆಲ ಮುಟ್ಟುವುದೇ ಇಲ್ಲ.

ಹಾಗಾದರೆ ನಕ್ಷೆ ಯಾವ ಉಪಯೋಗಕ್ಕೆ? ಅದರ ನಿಜವಾದ ಬೆಲೆ ಬಣ್ಣದಲ್ಲಿಲ್ಲ, ನಡೆಯಲ್ಲಿದೆ. ಕಳೆದ ಒಂದು ಗಂಟೆಯ ಚಿತ್ರಗಳನ್ನು ಒಂದರ ಹಿಂದೆ ಒಂದು ಓಡಿಸಿ ನೋಡಿ. ಕೆಂಪು ಮಚ್ಚೆ ಅರ್ಧ ಗಂಟೆಯಲ್ಲಿ 10 ಕಿ.ಮೀ. ಸರಿದಿದೆ, ನಿಮ್ಮೂರಿನಿಂದ ಈಗ 20 ಕಿ.ಮೀ. ದೂರದಲ್ಲಿದೆ ಎನ್ನಿ. ದಿಕ್ಕು ಬದಲಾಗದಿದ್ದರೆ ನಿಮಗೆ ಒಂದು ಗಂಟೆ ಬಿಡುವಿದೆ. ಕೊಯ್ದಿಟ್ಟ ಕಾಯಿಗೆ ಟಾರ್ಪಾಲು ಹೊದೆಸಲು, ಒಣಹಾಕಿದ್ದನ್ನು ಒಳಗೆ ಸಾಗಿಸಲು ಅಷ್ಟು ಸಾಕು. ಅದಕ್ಕಿಂತ ಮುಂದಕ್ಕೆ ಈ ಲೆಕ್ಕ ನಂಬಬೇಡಿ. ಒಂಟಿ ಗುಡುಗು ಮೋಡದ ಆಯುಸ್ಸೇ ಗಂಟೆ ಮಾತ್ರದ್ದು. ಹಾದಿಯಲ್ಲೇ ಕರಗಬಹುದು, ಅದರ ಮಗ್ಗುಲಲ್ಲಿ ಹೊಸದು ಹುಟ್ಟಬಹುದು. ಎಷ್ಟು ಚಿತ್ರ ಓಡಿಸಿದರೂ ನಿಂತಲ್ಲೇ ನಿಂತ ಬಣ್ಣ ಮಳೆಯಲ್ಲದೆ ಬೆಟ್ಟದ ಮಾರ್ದನಿ ಆಗಿರಬಹುದು.

ಇನ್ನೆರಡು ಎಚ್ಚರ. ಹವಾಮಾನ ಇಲಾಖೆಯ ಚಿತ್ರಗಳಲ್ಲಿ ವೇಳೆ ಯುಟಿಸಿಯಲ್ಲಿ ಇರುವುದುಂಟು. ಐದೂವರೆ ಗಂಟೆ ಕೂಡಿಸಿಕೊಳ್ಳಿ. 09:30 ಎಂದಿದ್ದರೆ ಅದು ನಮ್ಮ ಮಧ್ಯಾಹ್ನ ಮೂರು ಗಂಟೆ. ಖಾಸಗಿ ಆ್ಯಪ್‌ಗಳು ರೇಡಾರ್ ತಲುಪದ ಜಾಗವನ್ನು ಉಪಗ್ರಹದ ಚಿತ್ರದಿಂದಲೋ ಕಂಪ್ಯೂಟರಿನ ಅಂದಾಜಿನಿಂದಲೋ ತುಂಬಿಸುವುದುಂಟು. 'ಈಗ' ಎಂಬ ಗೆರೆಯಿಂದ ಆಚೆಗೆ ಕಾಣುವುದು ಮುನ್ಸೂಚನೆ, ಕಂಡ ಮಳೆಯಲ್ಲ.

ನಿಜವಾಗಿ ಎಷ್ಟು ಮಳೆ ಬಿತ್ತು ಎಂಬುದಕ್ಕೆ ನೆಲದ ಮೇಲಿನ ಮಳೆಮಾಪಕವೇ ಸಾಕ್ಷಿ. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಸ್ವಯಂಚಾಲಿತ ಮಳೆಮಾಪಕಗಳನ್ನು ಇಟ್ಟಿದೆ. ರೇಡಾರಿನ ಬಣ್ಣವನ್ನು ಅವುಗಳ ಅಂಕಿಯೊಂದಿಗೆ ನಾಲ್ಕಾರು ಬಾರಿ ಹೋಲಿಸಿ ನೋಡಿದರೆ ನಿಮ್ಮೂರಿನ ಮಟ್ಟಿಗೆ ನಕ್ಷೆಯನ್ನು ಎಷ್ಟು ನಂಬಬಹುದೆಂದು ನಿಮಗೇ ತಿಳಿಯುತ್ತದೆ.

ಕೊನೆಯದಾಗಿ, ಗುಡುಗು ಕಿವಿಗೆ ಬಿದ್ದ ಮೇಲೆ ನಕ್ಷೆ ನೋಡುತ್ತಾ ನಿಲ್ಲಬೇಡಿ. ಗುಡುಗು ಕೇಳುವಷ್ಟು ಹತ್ತಿರವಿದ್ದರೆ ಸಿಡಿಲು ಬಡಿಯುವಷ್ಟೂ ಹತ್ತಿರವಿದ್ದೀರಿ. ಮರದ ಕೆಳಗಿಂದ ಹೊರಟು ಮೊದಲು ಗಟ್ಟಿ ಸೂರಿನ ಒಳಗೆ ಸೇರಿ.