ಅರ್ಧ ಕ್ರೌನ್ ಪಂದ್ಯ ಕಟ್ಟಿದ ಸೈನಿಕ

ನಾವಿರುವ ಈ ಇಂಗ್ಲೆಂಡಿನ ಪ್ಲಿಮತ್ ಬಂದರಿನಿಂದ ಅಟ್ಲಾಂಟಿಕ್ ದಾಟಿ ನ್ಯೂಯಾರ್ಕಿಗೆ ಹೋಗಬೇಕು. ಹಾಯಿದೋಣಿಗೊಬ್ಬರೇ. 1960ರಲ್ಲಿ ಇಂಥದ್ದೊಂದು ಪಂದ್ಯ ನಡೆಯಿತು. ಅದರ ಯೋಚನೆ ಲೆಫ್ಟಿನೆಂಟ್ ಕರ್ನಲ್ ಹರ್ಬರ್ಟ್ ಹಾಸ್ಲರ್ ಅವರದು. ಗೆಳೆಯರ ಬಾಯಲ್ಲಿ ಅವರು ‘ಬ್ಲಾಂಡಿ’.

ಹುಟ್ಟಿದ್ದು 1914ರಲ್ಲಿ, ಡಬ್ಲಿನ್‌ನಲ್ಲಿ. ಸೈನ್ಯದಲ್ಲಿದ್ದ ತಂದೆ 1917ರಲ್ಲಿ, ತಾವಿದ್ದ ಹಡಗು ಟಾರ್ಪೆಡೊ ಏಟಿಗೆ ಮುಳುಗಿ ತೀರಿಕೊಂಡರು. ಆದರೂ ಮಗ ಸಮುದ್ರ ಬಿಡಲಿಲ್ಲ. ಹುಡುಗನಾಗಿದ್ದಾಗಲೇ ದೋಣಿ ಕಟ್ಟಿದರು, 1932ರಲ್ಲಿ ರಾಯಲ್ ಮರೀನ್ಸ್ ಪಡೆಗೆ ಅಧಿಕಾರಿಯಾಗಿ ಸೇರಿದರು.

1942ರ ಡಿಸೆಂಬರಿನಲ್ಲಿ ಸಬ್‌ಮರೀನಿನಿಂದ ಐದು ಪುಟ್ಟ ದೋಣಿಗಳಲ್ಲಿ ಹತ್ತು ಜನ ಇಳಿದರು, ನಾಯಕ ಹಾಸ್ಲರ್. ಹಗಲು ಅಡಗಿ, ರಾತ್ರಿ ಹುಟ್ಟು ಹಾಕಿ, ಎರಡು ದೋಣಿಗಳು ಫ್ರಾನ್ಸಿನ ಬೋರ್ಡೋ ಬಂದರು ಮುಟ್ಟಿ, ಶತ್ರು ಹಡಗುಗಳಿಗೆ ಬಾಂಬ್ ಅಂಟಿಸಿದವು. ಬದುಕಿ ಬಂದವರು ಹಾಸ್ಲರ್, ಬಿಲ್ ಸ್ಪಾರ್ಕ್ಸ್ ಇಬ್ಬರೇ. ಇಬ್ಬರನ್ನು ಸಮುದ್ರ ತಿಂದಿತು. ಆರು ಜನ ಸಿಕ್ಕಿಬಿದ್ದು, ಜರ್ಮನ್ನರ ಗುಂಡಿಗೆ ಬಲಿಯಾದರು. ಲೆಕ್ಕ ಬರೆಯುವ ನನಗೂ ಈ ಕಳೆಯುವ ಲೆಕ್ಕ ಬರೆಯೋಕೆ ಕೈ ಬರೋದಿಲ್ಲ.

ಯುದ್ಧದ ನಂತರ ಅವರ ಮನಸ್ಸು ಒಂದೇ ಪ್ರಶ್ನೆಯಲ್ಲಿ ನಿಂತಿತು: ಒಬ್ಬನೇ ಇರುವ ನಾವಿಕ ನಿದ್ದೆ ಮಾಡೋದು ಯಾವಾಗ? ಅದಕ್ಕೆ ದೋಣಿಯ ಹಿಂದೆ ಗಾಳಿಪಟ್ಟಿಯೊಂದನ್ನು ಕಟ್ಟಿದರು. ದೋಣಿ ದಿಕ್ಕು ತಪ್ಪಿದರೆ ಗಾಳಿ ಆ ಪಟ್ಟಿಯನ್ನು ತಿರುಗಿಸುತ್ತೆ, ಪಟ್ಟಿ ಚುಕ್ಕಾಣಿಯನ್ನು ಸರಿಮಾಡುತ್ತೆ. ಹಾಯಿಯೂ ಚೀನೀ ಮಾದರಿಯದು; ಒಳಗೆ ಕೂತೇ ಹಗ್ಗ ಎಳೆದು ಏರಿಸಿ ಇಳಿಸಬಹುದು. 25 ಅಡಿಯ ಆ ದೋಣಿಯ ಹೆಸರು ‘ಜೆಸ್ಟರ್’.

ಪಂದ್ಯಕ್ಕೆ ಹಣ ಹಾಕುವವರು ಸುಲಭಕ್ಕೆ ಸಿಗಲಿಲ್ಲ. ಆಗ ಫ್ರಾನ್ಸಿಸ್ ಚಿಚೆಸ್ಟರ್, ‘ಅರ್ಧ ಕ್ರೌನ್ ಪಣ ಇಟ್ಟಾದರೂ ಹೋಗೋಣ’ ಎಂಬರ್ಥದಲ್ಲಿ ಪಟ್ಟು ಹಿಡಿದರು. ಅರ್ಧ ಕ್ರೌನ್ ಅಂದರೆ ಎರಡೂವರೆ ಶಿಲ್ಲಿಂಗ್, ಪೌಂಡಿನ ಎಂಟನೇ ಒಂದು ಭಾಗ! ಕೊನೆಗೆ ಒಂದು ಪತ್ರಿಕೆ ಬೆಂಬಲ ಕೊಟ್ಟಿತು. ಐದು ಜನ ಹೊರಟರು, ಐದೂ ಜನ ದಡ ಸೇರಿದರು. ಚಿಚೆಸ್ಟರ್ 40 ದಿನದಲ್ಲಿ ಗೆದ್ದರು. ಹಾಸ್ಲರ್ 48 ದಿನದಲ್ಲಿ ಎರಡನೆಯವರು.

ಸ್ವಂತ ಇಷ್ಟದಿಂದ ಹೊರಟವನು ತನ್ನನ್ನು ಉಳಿಸೋಕೆ ಬೇರೆಯವರ ಜೀವ ಒತ್ತೆ ಇಡಬಾರದು ಅನ್ನೋದು ಅವರ ನಿಲುವು. ಎಂಟು ಜನರನ್ನು ಕಳಕೊಂಡ ನಾಯಕನ ಬಾಯಲ್ಲಿ ಆ ಮಾತಿಗೆ ತೂಕ ಹೆಚ್ಚು ಅಂತ ನನಗನಿಸುತ್ತೆ. 1987ರಲ್ಲಿ ಅವರು ತೀರಿಕೊಂಡರು. ಒಬ್ಬೊಬ್ಬರೇ ಸೂಟ್‌ಕೇಸ್ ಹಿಡಿದು ಈ ದೇಶಕ್ಕೆ ಬಂದಿಳಿದ ನಾವು, ಪ್ಲಿಮತ್ ಕಡೆ ಹೋದಾಗ ಒಂದು ಗಳಿಗೆ ಅವರನ್ನು ನೆನೆಯೋಣ.