ಕಿಟ್ಲಿ ನಡೆದಾಡುವ ಸೀಮೆ

ಹೈದರಾಬಾದ್ ಕಡೆಯ ಗಾಡಿ ಸೇಡಂ, ಚಿತ್ತಾಪುರ ದಾಟಿ ವಾಡಿ ಜಂಕ್ಷನ್ನಿನಲ್ಲಿ ನಿಂತರೆ ಸಾಕು, ‘ಚಾಯ್, ಚಾಯ್’ ಎಂಬ ಕೂಗು ಕಿಟಕಿಗೆ ಬರುತ್ತದೆ. ಈ ಹಾದಿ ನಿಜಾಮರ ಕಾಲದ್ದು; ವಾಡಿಯಿಂದ ಸಿಕಂದರಾಬಾದಿಗೆ ರೈಲು ಓಡಿದ್ದು 1874ರಲ್ಲಿ.

ಜಗತ್ತಿನಲ್ಲಿ ಚಹಾದ ಪಾತ್ರೆಗೇ ಮನಸೋತವರಿದ್ದಾರೆ. ಚೀನಾದ ಯಿಶಿಂಗ್ ಊರಿನ ಕೆಂಗಂದು ಮಣ್ಣಿನ ಪುಟ್ಟ ಪಾತ್ರೆಗೆ ಒಂದೇ ಬಗೆಯ ಚಹಾ ಹಾಕಬೇಕು, ಸೋಪು ಮುಟ್ಟಿಸಬಾರದು ಎಂಬ ಕಟ್ಟುಪಾಡು. ನಮ್ಮ ಸೀಮೆಯ ಚಹಾದ ಕೆಟಲ್, ಅಂದರೆ ಕಿಟ್ಲಿಗೆ ಆ ಮಡಿಯಿಲ್ಲ. ಅದರಲ್ಲಿ ಚಹಾ ಹುಟ್ಟುವುದೂ ಇಲ್ಲ. ಕುದಿಯುವುದು ಪಾತೇಲಿಯಲ್ಲಿ, ಕಿಟ್ಲಿಯದು ತಿರುಗಾಟದ ಕೆಲಸ. ಕಚೇರಿಯ ಮೇಜಿಗೆ, ಅಡತಿ ಅಂಗಡಿಗೆ, ಶಹಾಬಾದಿನಲ್ಲಿ ಪರಸಿ ಕಲ್ಲು ಕೊಯ್ಯುವ ಮಷೀನಿನ ಬಳಿಗೆ, ಕರೆದಲ್ಲಿಗೆ ಹೋಗಿ ಬರುವುದು.

ಬ್ರಿಟಿಷರ ಕಾಲದ ಚಹಾ ಪ್ರಚಾರಕರಿಗೆ ಪಾತೇಲಿಯಲ್ಲಿ ಕುದಿಸುವ ಈ ರೀತಿ ಹಿಡಿಸಿರಲಿಲ್ಲ. 1903ರಲ್ಲಿ ಚಹಾದ ಮೇಲೆ ಸೆಸ್ ಹೇರಿ, ಆ ದುಡ್ಡಿನಲ್ಲಿ ದೇಶದೊಳಗೂ ಚಹಾ ಕುಡಿಸಲು ಹೊರಟರು. ರೈಲು ನಿಲ್ದಾಣಗಳಲ್ಲಿ ದೇಶಭಾಷೆಗಳ ಫಲಕ ಬಿದ್ದವು: ಕುದಿಯುವ ನೀರನ್ನು ಎಲೆಯ ಮೇಲೆ ಸುರಿಯಿರಿ, ಐದು ನಿಮಿಷ ಮುಚ್ಚಿಡಿ, ಹಾಲು ಸಕ್ಕರೆ ಆಮೇಲೆ. ಚಹಾ ಮಾರುವವರು ಕೇಳಲಿಲ್ಲ. ನೀರು, ಹಾಲು, ಸಕ್ರಿ, ಪುಡಿ, ಶುಂಠಿ ಎಲ್ಲ ಒಟ್ಟಿಗೇ ಕುದಿಸಿದರು. 1930ರ ಸುಮಾರಿಗೆ ಅಸ್ಸಾಮಿನಲ್ಲಿ ಹುಟ್ಟಿದ ಸಿಟಿಸಿ ಯಂತ್ರ ಮುಂದೆ ಇವರ ಕೈಯನ್ನೇ ಬಲಪಡಿಸಿತು. ಹಲ್ಲಿನ ಉರುಳೆಗಳ ನಡುವೆ ಎಲೆ ಹರಿದು ಕಾಳಾದ ಆ ಪುಡಿ ಅಗ್ಗ, ಬೇಗ ಬಣ್ಣ ಬಿಡುತ್ತದೆ, ಹಾಲಿಗೂ ಸೋಲುವುದಿಲ್ಲ. ಗೆದ್ದದ್ದು ಪಾತೇಲಿ, ನನಗಂತೂ ಅದೇ ಸರಿ ಅನಿಸುತ್ತದೆ.

1948ರವರೆಗೆ ಸೇಡಂ, ಚಿತ್ತಾಪುರದಂಥ ಈ ಸೀಮೆಯ ತಾಲ್ಲೂಕುಗಳು ಹೈದರಾಬಾದ್ ಸಂಸ್ಥಾನದಲ್ಲಿದ್ದವು, ಮೈಸೂರು ರಾಜ್ಯಕ್ಕೆ ಸೇರಿದ್ದು 1956ರಲ್ಲಿ. ಹಾಗಾಗಿ ಹೈದರಾಬಾದಿನ ಇರಾನಿ ಚಹಾದ ಮಾತು ಇಲ್ಲಿ ಹೊಸದಲ್ಲ. ಅದರ ರೀತಿಯೇ ಬೇರೆ: ಡಿಕಾಕ್ಷನ್ ಮುಚ್ಚಿದ ಪಾತ್ರೆಯಲ್ಲಿ ಸಣ್ಣ ಉರಿಯ ಮೇಲೆ, ಹಾಲು ಮತ್ತೊಂದು ಒಲೆಯ ಮೇಲೆ ಗಟ್ಟಿಯಾಗುತ್ತ, ಎರಡೂ ಸೇರುವುದು ಕಪ್ಪಿನಲ್ಲಿ. ಜೊತೆಗೆ ಸಿಹಿ-ಉಪ್ಪಿನ ಉಸ್ಮಾನಿಯಾ ಬಿಸ್ಕತ್ತು. ಕಡಕ್ ಚಾಕ್ಕೆ ಒಗ್ಗಿದ ನಾಲಿಗೆಗೆ ಅದು ತುಸು ಮೆದು.

ಬೇಸಿಗೆಯಲ್ಲಿ 42 ಡಿಗ್ರಿ ದಾಟಿದರೂ ಚಹಾದಂಗಡಿಯ ಪರಸಿ ಕಟ್ಟೆ ಖಾಲಿಯಾಗದು. ಹಿರಿಯರು ಕಪ್ಪಿನಿಂದ ಬಶಿಗೆ ಸುರಿದು ಸುರ್ರೆಂದು ಎಳೆಯುತ್ತಾರೆ. ಅಗಲಕ್ಕೆ ಹರಡಿದ ಚಹಾ ಬೇಗ ಆರುತ್ತದೆ. ಆದರೆ ಈಗ ಬಂದಿರುವ ಕಾಗದದ ಕಪ್ಪಿಗೆ ಬಶಿಯಿಲ್ಲ. ಕಿಟ್ಲಿಯ ಜಾಗಕ್ಕೂ ನಲ್ಲಿಯಿಟ್ಟ ಸ್ಟೀಲ್ ಡಬ್ಬಿ, ಫ್ಲಾಸ್ಕು ಬಂದಿವೆ. ಬಿಸಿ ಹೆಚ್ಚು ಹೊತ್ತು ನಿಲ್ಲುತ್ತದೆ ನಿಜ, ಆದರೆ ಮುಚ್ಚಿಟ್ಟ ಹಾಲಿನ ಚಹಾಕ್ಕೆ ಒಂದು ಮುಗ್ಗಲು ವಾಸನೆ ಹತ್ತುತ್ತದೆ.

ರೈಲಿಲ್ಲದ ಚಿಂಚೋಳಿಯಲ್ಲಿ ಪ್ಲಾಟ್‌ಫಾರ್ಮಿನ ಅವಸರವೂ ಇಲ್ಲ. ಮೊದಲು ಚುರುಮುರಿಯ ಸುಸಲಾ, ಮಿರ್ಚಿ ಭಜಿ. ಬಾಯಿ ಉರಿಯುವಾಗಲೇ, ‘ಯಣ್ಣಾ, ಎರಡು ಚಾ, ಸಕ್ರಿ ಜರಾ ಕಮ್ಮಿ.’ ಸಕ್ರಿ ಮಾತ್ರ ಪಾತೇಲಿಯಲ್ಲೇ ಬಿದ್ದಾಗಿರುತ್ತದೆ.