ಮಂಡಕಳ್ಳಿಗೊಂದು ದೂರದ ಕಣ್ಣು

ಮೋಡವಿಲ್ಲದ ರಾತ್ರಿ ಯಳಂದೂರಿನ ಗದ್ದೆ ಬಯಲಲ್ಲಿ ನಿಂತರೆ ಬಿಳಿಗಿರಿರಂಗನ ಬೆಟ್ಟದ ಸಾಲಿನ ಮೇಲೆ ವಿಮಾನದ ದೀಪಗಳು ಮಿಣುಕುತ್ತ ಸರಿಯುವುದು ಕಾಣುತ್ತದೆ. ಅಷ್ಟೆತ್ತರದ ವಿಮಾನಕ್ಕೆ ದಾರಿ ಹೇಳುವವರು ಅದನ್ನು ಕಣ್ಣಾರೆ ಕಾಣುವುದೇ ಇಲ್ಲ. ಅವರ ಮುಂದಿರುವುದು ರೇಡಾರ್ ಪರದೆಯ ಒಂದು ಗುರುತು. ಕಣ್ಣು ಬೇಕಾಗುವುದು ವಿಮಾನ ನೆಲಕ್ಕೆ ಹತ್ತಿರವಾದಾಗ. ನಮಗೆ ಹತ್ತಿರದ ಮೈಸೂರಿನ ಮಂಡಕಳ್ಳಿ ವಿಮಾನ ನಿಲ್ದಾಣದಲ್ಲಿ ಇರುವುದು 1740 ಮೀಟರ್ ರನ್‌ವೇ, ಅದರಾಚೆ ನಂಜನಗೂಡಿನ ಹೆದ್ದಾರಿ, ರೈಲು ಹಳಿ. ಎಟಿಆರ್ ವಿಮಾನ ಇಳಿಯುವ ಮುನ್ನ ಗೋಪುರದ ಗಾಜಿನ ಕೋಣೆಯಲ್ಲಿರುವವರು ರನ್‌ವೇಯ ಉದ್ದಕ್ಕೂ ಕಣ್ಣಾಡಿಸುತ್ತಾರೆ. ಹಕ್ಕಿ, ನಾಯಿ, ನಿಂತ ಜೀಪು ಯಾವುದೂ ಇಲ್ಲವೆಂದು ಖಾತ್ರಿಯಾದ ಮೇಲೆಯೇ ಪೈಲಟ್‌ಗೆ ಅನುಮತಿ.

ಅಂಥ ಗಾಜಿನ ಕೋಣೆಯನ್ನೇ ಸ್ವೀಡನ್ನಿನವರು ಬೇರೆ ಊರಿಗೆ ಒಯ್ದರು. 2015ರ ಏಪ್ರಿಲ್‌ನಿಂದ ಓರ್ನ್‌ಶೋಲ್ಡ್ಸ್‌ವಿಕ್ ನಿಲ್ದಾಣದ ವಿಮಾನಗಳನ್ನು ಇಳಿಸುತ್ತಿರುವವರು ನೂರಕ್ಕೂ ಹೆಚ್ಚು ಕಿಲೋಮೀಟರ್ ಆಚೆಯ ಸುಂಡ್ಸ್‌ವಾಲ್‌ನಲ್ಲಿ ಕೂತವರು. ಜಗತ್ತಿನಲ್ಲಿ ಇಂಥದ್ದು ಅದೇ ಮೊದಲು. 2021ರಲ್ಲಿ ಲಂಡನ್ ಸಿಟಿ ನಿಲ್ದಾಣವೂ ಅದೇ ದಾರಿ ಹಿಡಿಯಿತು. ಅಲ್ಲಿ 50 ಮೀಟರ್ ಎತ್ತರದ ಕಂಬ. ತುದಿಯಲ್ಲಿ ಸುತ್ತಲೂ ನೋಡುವ 14 ಕ್ಯಾಮೆರಾ, ಜತೆಗೆ ಬೇಕಾದ ಕಡೆ ತಿರುಗಿ ದೂರದ್ದನ್ನು ಹತ್ತಿರಕ್ಕೆಳೆಯುವ ಇನ್ನೆರಡು. ಗಾಜಿನ ಮೇಲೆ ಹುಳು, ಧೂಳು ಕೂರದಂತೆ ಕ್ಯಾಮೆರಾಗಳು ತಮ್ಮನ್ನು ತಾವೇ ಶುಚಿ ಮಾಡಿಕೊಳ್ಳುತ್ತವೆ. ಚಿತ್ರವೂ ಸದ್ದೂ ಸ್ವಾನ್‌ವಿಕ್ ಎಂಬ ಊರಿನ ಕೇಂದ್ರಕ್ಕೆ ಹರಿಯುತ್ತವೆ. ಅಲ್ಲಿ ಅರ್ಧಚಂದ್ರಾಕಾರವಾಗಿ ಜೋಡಿಸಿದ 14 ಪರದೆಗಳಲ್ಲಿ ರನ್‌ವೇ ಹಾಸಿಕೊಂಡಿರುತ್ತದೆ. ಇಳಿಯುತ್ತಿರುವ ವಿಮಾನದ ಪಕ್ಕದಲ್ಲೇ ಅದರ ಹೆಸರು, ಎತ್ತರ, ವೇಗ ಬರೆದುಕೊಂಡು ಬರುತ್ತದೆ. ಗೋಪುರದ ಕಿಟಕಿಯಲ್ಲಿ ಈ ಅನುಕೂಲವೆಲ್ಲಿ!

ನಮ್ಮ ಸೀಮೆಗೆ ಕಾವಲು ಕ್ಯಾಮೆರಾ ಹೊಸತಲ್ಲ. ಬಿಳಿಗಿರಿರಂಗನ ಬೆಟ್ಟದ ಕಾಡಿನ ಜಾಡುಗಳಲ್ಲಿ ಹುಲಿಗಳನ್ನು ಗುರುತಿಸಲು ಮೊಣಕಾಲೆತ್ತರಕ್ಕೆ, ಎದುರುಬದುರಾಗಿ ಎರಡೆರಡು ಕಟ್ಟಿರುತ್ತಾರೆ. ಹುಲಿಯ ಎಡ ಮಗ್ಗುಲಿನ ಪಟ್ಟೆಯಂತೆ ಬಲದ್ದು ಇರುವುದಿಲ್ಲವಲ್ಲ. ಆದರೆ ಕಾಡಿನ ಚಿತ್ರವನ್ನು ವಾರ ಬಿಟ್ಟು ತೆಗೆದು ನೋಡಿದರೂ ನಡೆಯುತ್ತದೆ. ರನ್‌ವೇಯ ಚಿತ್ರ ಎರಡು ಕ್ಷಣ ತಡವಾದರೂ ಜೀವಗಳ ಪ್ರಶ್ನೆ. ಅದಕ್ಕೇ ಲಂಡನ್ನಿನಲ್ಲಿ ಒಂದಕ್ಕೊಂದು ತಾಗದ ಮೂರು ದಾರಿಗಳಲ್ಲಿ ಫೈಬರ್ ಕೇಬಲ್ ಎಳೆದಿದ್ದಾರೆ. ಒಂದು ಕಡಿದರೆ ಇನ್ನೊಂದು.

ಮೈಸೂರು, ಶಿವಮೊಗ್ಗದಂಥ ನಮ್ಮ ಸಣ್ಣ ನಿಲ್ದಾಣಗಳಿಗೆ ದಿನಕ್ಕೆ ಬರುವ ವಿಮಾನಗಳು ಬೆರಳೆಣಿಕೆಯವು. ಒಂದೊಂದಕ್ಕೂ ಬೇರೆ ಗೋಪುರ, ಬೇರೆ ಪಾಳಿ. ನಾರ್ವೆ ಇಂಥ ಹಲವು ಪುಟ್ಟ ನಿಲ್ದಾಣಗಳನ್ನು ಬೋಡೋ ಎಂಬ ಒಂದೇ ಊರಿನಿಂದ ನೋಡಿಕೊಳ್ಳುತ್ತಿದೆ. ನಮಗೂ ಇದು ಬೇಕು ಎಂದೇ ನನ್ನ ಅಭಿಪ್ರಾಯ. ಸಂಜೆಯ ಒಂದು ವಿಮಾನಕ್ಕಾಗಿ ನಿಲ್ದಾಣ ತೆರೆದಿಡುವುದು ಆಗ ಹೊರೆಯೆನಿಸದು. ಇನ್‌ಫ್ರಾರೆಡ್ ಕ್ಯಾಮೆರಾ ಇದ್ದರೆ ಕತ್ತಲಲ್ಲಿ ರನ್‌ವೇಗೆ ನುಗ್ಗಿದ ನಾಯಿಯೂ ಬೆಳ್ಳಗೆ ಕಾಣುತ್ತದೆ. ಹಾಗೆಂದು ಮಂಜು ಕವಿದಾಗ ವಿಮಾನ ಇಳಿದೇಬಿಡುತ್ತದೆಂದಲ್ಲ, ರನ್‌ವೇ ಪೈಲಟ್‌ಗೂ ಕಾಣಬೇಕು.

ಮೊದಲು ಆಗಬೇಕಾದ ಕೆಲಸ ಕೇಬಲ್ಲಿನದು. ರಸ್ತೆ ಅಗೆಯುವ ಜೆಸಿಬಿಯ ಬಾಯಿಗೆ ಕೇಬಲ್ ಸಿಗುವುದು ನಮ್ಮಲ್ಲಿ ದಿನನಿತ್ಯದ ಮಾತು. ಮೂರು ದಾರಿ ಗಟ್ಟಿಯಾಗದೆ ಕಂಬ ನೆಡಬಾರದು. ದೂರದ ಕೇಂದ್ರದಲ್ಲಿ ಕೂರುವವರು ಮಂಡಕಳ್ಳಿಗೆ ಬಂದು ಮಳೆಗಾಲದಲ್ಲೊಮ್ಮೆ, ಬೇಸಿಗೆಯಲ್ಲೊಮ್ಮೆ ರನ್‌ವೇ ಪಕ್ಕ ನಿಂತು, ಗಾಳಿ ಯಾವ ಕಡೆಯಿಂದ ಬೀಸುತ್ತದೆ, ಹಕ್ಕಿಗಳು ಯಾವ ಹೊತ್ತಿಗೆ ಎಲ್ಲಿಂದ ಏಳುತ್ತವೆ ಎಂದು ನೋಡಿಕೊಂಡು ಹೋಗಿರಬೇಕು.